ಮಂಜುಗಡ್ಡೆಗೆ ಹೆಪ್ಪು

ಏಪ್ರಿಲ್ ತಿಂಗಳ ನಡುಹಗಲಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಡಾಂಬರು ಚಪ್ಪಲಿಗೆ ಅಂಟಿಕೊಳ್ಳುವ ಬಿಸಿಲಿನಲ್ಲಿ, ಉಣ್ಣೆಯ ಕೋಟು ತೊಟ್ಟು, ಅದರ ಮೇಲಿನ ಗುಂಡಿಯನ್ನೂ ಬಿಡದೆ ಹಾಕಿಕೊಂಡು, ಹೊಂಗೆಮರದ ಕೆಳಗೆ ನಿಂತು ಬಿಸಿ ಬಿಸಿ ಚಹಾ ಹೀರುವ ಒಬ್ಬ ಮನುಷ್ಯನನ್ನು ನೀವೇನಾದರೂ ಆ ಕಾಲದಲ್ಲಿ ಕಂಡಿದ್ದರೆ, ಅವರು ಖಂಡಿತ ಮುರಿಗೆಪ್ಪನವರೇ. ಹೊಸಬರು ಅವರನ್ನು ಕಂಡು ತಲೆ ಕೆಟ್ಟಿದೆಯೆಂದು ತಿಳಿಯುತ್ತಿದ್ದರು. ನಾನೂ ಮೊದಲ ದಿನ ಹಾಗೆಯೇ ತಿಳಿದವನು. ನಮ್ಮ ಆರಂತಸ್ತಿನ ಗಾಜಿನ ಕಟ್ಟಡದಲ್ಲಿ ಕೂತ ಸಾವಿರಾರು ಜನರಿಗೆ ತಂಪು ಉಣಿಸುವವರು ಇವರೇ ಎಂದು ಗೊತ್ತಾದದ್ದು ಆಮೇಲೆ.

ಆ ಕೋಟಿಗೂ ಒಂದು ಚರಿತ್ರೆಯಿತ್ತು. ಅದು ಮುರಿಗೆಪ್ಪನವರ ಮದುವೆಗೆ ಅವರ ಮಾವ ಹೊಲಿಸಿಕೊಟ್ಟದ್ದು. ಇಳಕಲ್ಲಿನ ಕಡೆಯ ಸೆಖೆಯಲ್ಲಿ ಕೋಟಿಗೆ ಧಾರೆಯ ಹೊತ್ತಿನ ಹೊರತು ಬೇರೆ ಉದ್ಯೋಗವಿರಲಿಲ್ಲ. ವರ್ಷಗಟ್ಟಲೆ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿದ್ದ ಅದು, ಯಜಮಾನರು ಬೆಂಗಳೂರಿಗೆ ಬಂದು, ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಶೀತಲಗೃಹದ ಯಂತ್ರಗಳನ್ನು ಕಟ್ಟುವ ಕೆಲಸ ಹಿಡಿದು, ಅಲ್ಲಿಂದ ನಮ್ಮ ಕಟ್ಟಡದ ನೆಲಮಾಳಿಗೆಗೆ ಇಂಜಿನಿಯರಾಗಿ ಬಂದಾಗ ಪುನರ್ಜನ್ಮ ಪಡೆಯಿತು. ಮೊಣಕೈಯಲ್ಲಿ ಎರಡು ತೇಪೆ ಇದ್ದವು. ಬಲಜೇಬಿನಲ್ಲಿ ಸದಾ ಒಂದು ಟಾರ್ಚು ಇರುತ್ತಿದ್ದುದರಿಂದ ಇಡೀ ಕೋಟು ಆ ಕಡೆಗೆ ಇಳಿಬಿದ್ದು, ಮುರಿಗೆಪ್ಪನವರೇ ಒಂದು ಬದಿಗೆ ವಾಲಿದ್ದಾರೆಂಬ ಭ್ರಮೆ ಹುಟ್ಟಿಸುತ್ತಿತ್ತು. ಅವರ ನಡಿಗೆಯೂ ಅದಕ್ಕೆ ತಕ್ಕಂತೆ ನಿಧಾನ. ತುಂಬಿದ ಕೊಡ ಹೊತ್ತವರ ಹಾಗೆ, ಏನೋ ತುಳುಕೀತೆಂಬ ಎಚ್ಚರದಲ್ಲಿ ಹೆಜ್ಜೆ ಇಡುತ್ತಿದ್ದರು.

ಅವರ ಕೊಡ ನೆಲದಡಿಯಲ್ಲಿತ್ತು. ವಾಹನ ನಿಲ್ಲಿಸುವ ಜಾಗಕ್ಕೆ ಅಂಟಿಕೊಂಡು, ಒಂದು ಸಣ್ಣ ಕಲ್ಯಾಣಮಂಟಪದಷ್ಟು ದೊಡ್ಡ ಕಾಂಕ್ರೀಟು ತೊಟ್ಟಿ. ಅದರ ತುಂಬ ನೀರು; ಬಾಗಿಲು ತೆಗೆದು ಇಳಿದರೆ ಅಂಚಿನಲ್ಲಿ ನಿಲ್ಲಲು ಒಂದು ಕಟ್ಟೆ. ನೀರೊಳಗೆ ಸಾಲುಸಾಲಾಗಿ ಸುರುಳಿ ಸುತ್ತಿದ ಕೊಳವೆಗಳು. ಇರುಳೆಲ್ಲ ಯಂತ್ರಗಳು ಆ ಕೊಳವೆಗಳಲ್ಲಿ ಕೊರೆಯುವ ದ್ರವವನ್ನು ಹರಿಸಿದರೆ ಬೆಳಗಾಗುವಷ್ಟರಲ್ಲಿ ಒಂದೊಂದು ಕೊಳವೆಯ ಸುತ್ತಲೂ ತೊಡೆಗಾತ್ರದ ಮಂಜುಗಡ್ಡೆ ಕಟ್ಟಿರುತ್ತಿತ್ತು. ಹಗಲು ಆ ಗಡ್ಡೆ ಮೆಲ್ಲಗೆ ಕರಗುತ್ತ ತನ್ನ ತಂಪನ್ನು ಮೇಲಿನ ಅಂತಸ್ತುಗಳಿಗೆ ಕಳಿಸುತ್ತಿತ್ತು. ಇರುಳಿನ ವಿದ್ಯುತ್ತು ಅಗ್ಗ, ಇರುಳಿನ ಗಾಳಿ ತಂಪು, ಹಾಗಾಗಿ ಯಂತ್ರಕ್ಕೂ ದುಡಿಮೆ ಹಗುರ. ಹಗಲು ಕರೆಂಟು ಹೋದರೂ ಸಣ್ಣದೊಂದು ಪಂಪು ತಿರುಗಿದರೆ ಸಾಕು, ಕಟ್ಟಡ ತಣ್ಣಗಿರುತ್ತದೆ. ಇಷ್ಟೇ ಇದರ ಒಳಗುಟ್ಟು. ಈ ತೊಟ್ಟಿ ಬೇಕೇ ಬೇಕೆಂದು ಕಟ್ಟಡದ ಮೊದಲ ಮಾಲೀಕರ ಹಿಂದೆ ಬಿದ್ದು, ಬೇಡವೆಂದವರ ಮನೆ ಬಾಗಿಲು ಕಾದು ಕಟ್ಟಿಸಿದವರು ಮುರಿಗೆಪ್ಪನವರೇ.

"ಇದೇನು ಹೊಸಾದಲ್ರೀ," ಎಂದು ಅವರು ನನಗೆ ಮೊದಲ ಭೇಟಿಯಲ್ಲೇ ಪಾಠ ಹೇಳಿದ್ದರು. "ನಮ್ಮೂರಾಗ ಮೊಳದಗಲ ಮಣ್ಣಿನ ಗ್ವಾಡಿ ಇರ್ತಾವು. ರಾತ್ರಿ ಎಲ್ಲಾ ಥಂಡಿ ಕುಡೀತಾವು, ಮಧ್ಯಾಹ್ನ ಬಿಟ್ಟು ಕೊಡ್ತಾವು. ನಾವು ಅದನ್ನ ನೀರಾಗ ಮಾಡೇವಿ, ಅಷ್ಟ."

ನಾನು ಅವರ ಬಳಿಗೆ ಹೋದದ್ದು ಜಗಳಕ್ಕೆ. ಮೂರನೆಯ ಅಂತಸ್ತಿನ ನಮ್ಮ ಕಂಪನಿಯಲ್ಲಿ ಯಂತ್ರಗಳ ಕೈಪಿಡಿ ಬರೆಯುವುದು ನನ್ನ ಕೆಲಸ. ನನ್ನ ಕುರ್ಚಿಯ ನೆತ್ತಿಗೇ ಗಾಳಿಕಿಂಡಿ. ಮಧ್ಯಾಹ್ನದ ಹೊತ್ತಿಗೆ ಬೆರಳು ಮರಗಟ್ಟುತ್ತಿದ್ದವು. ಪಕ್ಕದ ಸಾಲಿನವರಿಗೆ ಮಾತ್ರ ಸೆಖೆ. ಕೊನೆಗೆ ನಮ್ಮವರೊಬ್ಬರು ಕಿಂಡಿಗೆ ರಟ್ಟು ಅಂಟಿಸಿಬಿಟ್ಟರು. ಅದನ್ನು ಕಂಡಾಗ ಮುರಿಗೆಪ್ಪನವರ ಮುಖ ಪೆಚ್ಚಾದದ್ದು ನನಗೆ ಇಂದಿಗೂ ನೆನಪಿದೆ. ಬಡಿಸಲು ಬಂದಾಗ ಎಲೆಗೆ ಕೈ ಅಡ್ಡ ಹಿಡಿದರೆ ಮನೆಯೊಡತಿಗೆ ಆಗುವಂಥ ನೋವು ಅದು. ಅವರು ಏಣಿ ತರಿಸಿ, ಕೋಟಿನ ಸಮೇತ ಹತ್ತಿ, ರಟ್ಟು ಕಿತ್ತು, ಕಿಂಡಿಯ ರೆಕ್ಕೆಗಳನ್ನು ತಿರುಗಿಸಿ ಇಳಿದರು. ಸರಿಹೋಯಿತೇ ಎಂದು ನಾನು ಕೇಳಿದ್ದಕ್ಕೆ ಬಂದ ಉತ್ತರ: "ಸಂಜೀಕ ನೋಡೂಣ್ರಿ."

ಈ 'ಸಂಜೀಕ ನೋಡೂಣು' ಅವರ ಬಾಯಿಗೆ ಅಂಟಿಕೊಂಡಿದ್ದ ಮಾತು. ಮದುವೆಗೆ ಕರೆದರೂ ಅದೇ, ಬಡ್ತಿಯ ಸುದ್ದಿ ಬಂದರೂ ಅದೇ, ಕ್ರಿಕೆಟ್ಟಿನಲ್ಲಿ ಯಾರು ಗೆಲ್ಲುತ್ತಾರೆಂದರೂ ಅದೇ. ಅದಕ್ಕೆ ಕಾರಣವೂ ಇತ್ತು. ಇರುಳು ಕಟ್ಟಿದ ಮಂಜು ಹಗಲಿಗೆ ಸಾಕಾಯಿತೋ ಇಲ್ಲವೋ ಎಂಬುದು ಸಂಜೆಯಾಗುವವರೆಗೆ ತಿಳಿಯುವಂತಿರಲಿಲ್ಲ. ಕಚೇರಿಯ ಬಸ್ಸುಗಳು ಒಂದೊಂದಾಗಿ ಹೊರಡುವ ಹೊತ್ತಿಗೆ ಅವರು ತೊಟ್ಟಿಯ ಬಾಗಿಲಿನಿಂದ ಹೊರಬಂದು, ಕೋಟಿನ ಮೇಲಿನ ಗುಂಡಿ ಬಿಚ್ಚಿ, ಯಾರಿರಲಿ ಬಿಡಲಿ ಒಂದೇ ಒಂದು ಮಾತು ಹೇಳುತ್ತಿದ್ದರು: "ಸಾಕಾತು." ಅಪರೂಪಕ್ಕೆ "ಸಾಲಲಿಲ್ಲ" ಎಂದ ದಿನ ಅವರ ಜೊತೆ ಯಾರೂ ಮಾತಾಡುವಂತಿರಲಿಲ್ಲ. ಚಹಾದಂಗಡಿಯವನು ಕೂಡ ದೂರದಿಂದಲೇ ಲೋಟ ಇಟ್ಟು ಹೋಗುತ್ತಿದ್ದ.

ಅವರನ್ನು ಸರ್ವಜ್ಞರೆಂದು ಚಿತ್ರಿಸಿದರೆ ಅವರಿಗೇ ಮುಜುಗರವಾದೀತು. ಜ್ವರ ಬಂದ ಕೂಸಿನ ಹಣೆ ಮುಟ್ಟಿದಂತೆ ಕೊಳವೆಗಳಿಗೆ ಹಿಂಗೈ ತಾಗಿಸಿ ಶೀತ ಅಳೆಯುವ ಅಭ್ಯಾಸ ಅವರಿಗಿತ್ತು. ಆಮೇಲೆ ಗೋಡೆಯ ಮಾಪಕ ನೋಡುತ್ತಿದ್ದರು. ಬಹಳ ಸಲ ಮಾಪಕವೇ ಗೆಲ್ಲುತ್ತಿತ್ತು. ಆಗ ತಮ್ಮ ಕೈಯನ್ನೇ ದಿಟ್ಟಿಸಿ, "ವಯಸ್ಸಾತಲೇ ನಿನಗ" ಎಂದು ಬೈಯುತ್ತಿದ್ದರು. ಮರುದಿನ ಮತ್ತೆ ಮೊದಲು ಕೈ, ಆಮೇಲೆ ಮಾಪಕ.

ಅವರ ಹಟಗಳಲ್ಲೆಲ್ಲ ದೊಡ್ಡ ಹಟ ಹೆಪ್ಪಿನದು. ತೊಟ್ಟಿಯ ಮಂಜನ್ನು ಅವರು ಎಂದೂ ಪೂರ್ತಿ ಕರಗಗೊಡುತ್ತಿರಲಿಲ್ಲ. ಕೊಳವೆಗಳ ಕೆಳಸಾಲಿಗೆ ಹೋಗುವ ವಾಲ್ವನ್ನು ಮಧ್ಯಾಹ್ನವೇ ಮುಚ್ಚಿ, ಅಲ್ಲಿನ ಗಡ್ಡೆಯನ್ನು ಮರುದಿನಕ್ಕೆಂದು ಉಳಿಸುತ್ತಿದ್ದರು. ಹಳೆಯ ಮಂಜು ಒಂದಿಷ್ಟು ಇದ್ದರೇ ಹೊಸ ಮಂಜು ಚೆನ್ನಾಗಿ ಕಟ್ಟುತ್ತದೆಂಬುದು ಅವರ ನಂಬಿಕೆ. "ಹೆಪ್ಪಿಲ್ದ ಹಾಲು ಮೊಸರಾಗ್ತೈತೇನ್ರೀ?" ಎಂದು ಅವರು ಕೇಳಿದರೆ ಎದುರಿನವನು ಇಂಜಿನಿಯರೇ ಆಗಿದ್ದರೂ ತಬ್ಬಿಬ್ಬಾಗುತ್ತಿದ್ದ. ಅವರ ಮನೆಯಲ್ಲಿ ಭುವನೇಶ್ವರಿಯಮ್ಮನವರು ಮೊಸರಿನ ಗಡಿಗೆಯನ್ನು ಎಂದೂ ತಳ ಕಾಣುವಂತೆ ಬರಿದು ಮಾಡಿದವರಲ್ಲ. ಗಂಡ ಕಟ್ಟಡದ ನೆಲಮಾಳಿಗೆಯಲ್ಲಿ ಅದೇ ಸಂಸಾರ ನಡೆಸುತ್ತಿದ್ದರು.

ಹೀಗಿರುವಾಗ ಕಟ್ಟಡ ಕೈ ಬದಲಾಯಿತು. ಹೊಸ ಮಾಲೀಕರಿಗೆ ತೊಟ್ಟಿ ಕಂಡ ಕೂಡಲೇ ಅದರ ಜಾಗದಲ್ಲಿ ನಿಲ್ಲಬಹುದಾದ ಕಾರುಗಳು ಕಂಡವು. ಆಗ ಎಲ್ಲ ಕಚೇರಿಯಲ್ಲೂ ಕಾರು ನಿಲ್ಲಿಸುವ ಜಾಗಕ್ಕಾಗಿಯೇ ಜಗಳ. ತೊಟ್ಟಿ ತನ್ನ ಯೋಗ್ಯತೆ ತೋರಿಸಿದರೆ ಉಳಿಯಲಿ, ಇಲ್ಲವಾದರೆ ಒಡೆದು ಹಾಕೋಣ ಎಂದು ಒಂದು ವಾರದ ಪರೀಕ್ಷೆ ಇಟ್ಟರು. ಷರತ್ತು ಸರಳ: ನಡುಹಗಲಿನಿಂದ ಸಂಜೆ ಬಸ್ಸು ಹೊರಡುವ ತನಕ ದೊಡ್ಡ ಯಂತ್ರಗಳನ್ನು ಮುಟ್ಟದೆ ಬರೀ ಮಂಜಿನಿಂದಲೇ ಇಡೀ ಕಟ್ಟಡವನ್ನು ತಂಪಾಗಿಡಬೇಕು. ವಾರದಲ್ಲಿ ಒಂದು ದಿನವಾದರೂ ಹಾಗೆ ಪೂರ್ತಿ ನಡೆದರೆ ತೊಟ್ಟಿ ಪಾಸು. ಪರೀಕ್ಷೆ ನಡೆಸಲು ಅವರು ಕಳಿಸಿದ್ದು ಲಾವಣ್ಯ ಎಂಬ ಎಳೆಯ ಇಂಜಿನಿಯರನ್ನು. ಹೆಬ್ಬಗೋಡಿಯ ಹಳೆಯ ಮನೆತನದ ಹುಡುಗಿ; ಈ ಸೀಮೆಯ ಗಾಜಿನ ಕಟ್ಟಡಗಳ ಕೆಳಗೆಲ್ಲ ಒಂದು ಕಾಲಕ್ಕೆ ಅವಳ ನೆಂಟರಿಷ್ಟರ ರಾಗಿ ಹೊಲಗಳಿದ್ದವು. ಬಾಡಿಗೆದಾರರ ಪರವಾಗಿ, ಸೆಖೆಯಾಯಿತೋ ಇಲ್ಲವೋ ಎಂದು ಸಾಕ್ಷಿ ಹೇಳುವ ಘನಕಾರ್ಯ ನನ್ನ ಪಾಲಿಗೆ ಬಂತು. ಬೆವರುವುದಕ್ಕೂ ಒಬ್ಬ ಪ್ರತಿನಿಧಿ ಬೇಕೆಂದು ನನಗೆ ಆಗಲೇ ಗೊತ್ತಾದದ್ದು.

ವಾರದ ಮೊದಲ ದಿನ ಎಲ್ಲ ಚೆನ್ನಾಗಿಯೇ ನಡೆದು, ಬಸ್ಸು ಹೊರಡಲು ಸ್ವಲ್ಪವೇ ಹೊತ್ತಿರುವಾಗ ಮೇಲಿನ ಅಂತಸ್ತು ಬೆಚ್ಚಗಾಯಿತು. ಯಂತ್ರ ಹಚ್ಚಬೇಕಾಯಿತು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಲಾವಣ್ಯ ಟಾರ್ಚು ಹಿಡಿದು ತೊಟ್ಟಿಗೆ ಇಣುಕಿದಳು. ಕೆಳಸಾಲಿನಲ್ಲಿ ಮಂಜು ಬೆಳ್ಳಗೆ ಹೊಳೆಯುತ್ತಿತ್ತು.

"ಸಾರ್, ಐಸ್ ಇನ್ನೂ ಇದೆಯಲ್ಲ ಸಾರ್! ಆ ವಾಲ್ವ್ ಬಿಟ್ರೆ ಆರಾಮಾಗಿ ಸಂಜೆವರ್ಗೂ ಎಳೀಬೋದು. ಯಾಕೆ ಕ್ಲೋಸ್ ಮಾಡಿದೀರಾ?"

"ಅದು ಹೆಪ್ಪು ತಂಗಿ. ಅದನ್ನ ಮುಟ್ಟಂಗಿಲ್ಲ."

ಅವಳು ನಗಲಿಲ್ಲ, ಅದಕ್ಕೇ ನನಗೆ ಅವಳ ಮೇಲೆ ಗೌರವ ಹುಟ್ಟಿತು. ತಾಳ್ಮೆಯಿಂದ ವಿವರಿಸಿದಳು. ಪೂರ್ತಿ ಕರಗಿದ ನೀರು ಮತ್ತೆ ಮಂಜಾಗಲು ಸ್ವಲ್ಪ ಸತಾಯಿಸುವುದು ನಿಜ, ಸರ್ ಹೇಳುವುದರಲ್ಲಿ ಅರ್ಥವಿದೆ, ಆದರೆ ಅದು ಸ್ವಲ್ಪ ಹೊತ್ತಿನ ಮಾತು. ಅದಕ್ಕಾಗಿ ಒಂದು ಸಾಲನ್ನೇ ಉಳಿಸುವುದು ದುಬಾರಿ. "ಈ ವೀಕ್ ಒಂದು ದಿನ ಬಿಡಿ ಸಾರ್, ಸಾಕು. ಟ್ಯಾಂಕ್ ಉಳ್ಕೊಳುತ್ತೆ. ಇಲ್ಲಾಂದ್ರೆ ಅವ್ರು ನಿಜವಾಗ್ಲೂ ಒಡೆದ್ಹಾಕ್ತಾರೆ."

"ಸಂಜೀಕ ನೋಡೂಣು" ಎಂದರು ಮುರಿಗೆಪ್ಪನವರು. ಆ ಸಂಜೆಯೂ, ಅದರ ಮರುದಿನದ ಸಂಜೆಯೂ ಅವರು ನೋಡಿದರು. ವಾಲ್ವನ್ನು ಮಾತ್ರ ಮುಟ್ಟಲಿಲ್ಲ. ನನಗೆ ಸಿಟ್ಟು ಬಂತು. ತಾವೇ ಹೆತ್ತಂಥ ತೊಟ್ಟಿಯನ್ನು ಒಂದು ಮೊಂಡುತನಕ್ಕಾಗಿ ಬಲಿ ಕೊಡುವುದೇ ಎಂದು ಜೋರಾಗಿಯೇ ಕೇಳಿದೆ. ಅವರು ಚಹಾದ ಲೋಟ ತಿರುಗಿಸುತ್ತ, "ಪೂರಾ ಬರಿದು ಮಾಡಿ ಮಲಗಿದ ಮನ್ಯಾಗ ನಿದ್ದಿ ಹತ್ತೂದಿಲ್ರೀ ನನಗ" ಎಂದರು. ಆ ದನಿಯಲ್ಲಿ ಹಟಕ್ಕಿಂತ ಹೆದರಿಕೆ ಹೆಚ್ಚಿತ್ತು.

ಕೊನೆಯ ದಿನ ಶುಕ್ರವಾರ. ಹೊರಗೆ ಬೆಂಕಿಯಂಥ ಬಿಸಿಲು. ಮಾಲೀಕರ ಕಡೆಯವರು ಬಂದು ಮೇಲಿನ ಅಂತಸ್ತಿನಲ್ಲಿ ಅಂಗಿಯ ಕಾಲರು ಬಿಡಿಸಿಕೊಂಡು ಕೂತಿದ್ದರು. ಇಳಿಹೊತ್ತಿನಲ್ಲಿ ಲಾವಣ್ಯ ಮಾಪಕ ನೋಡಿದಳು, ಮುರಿಗೆಪ್ಪನವರನ್ನು ನೋಡಿದಳು. ಅವರು ಎದ್ದರು. ತಮ್ಮ ಊಟದ ಚೀಲದಿಂದ ಮೊಸರು ತರುವ ಸ್ಟೀಲಿನ ಡಬ್ಬಿ ತೆಗೆದು, ನಲ್ಲಿಯಲ್ಲಿ ತೊಳೆದು, ಕೋಟಿನ ಅಂಚಿಗೆ ಒರೆಸಿ, ಟಾರ್ಚು ಹಿಡಿದು ತೊಟ್ಟಿಯ ಬಾಗಿಲು ತೆಗೆದು ಒಳಗಿಳಿದರು. ಏನನ್ನೋ ಒಡೆಯುವ ಸದ್ದು ಕೇಳಿಸಿತು. ಹೊರಬಂದಾಗ ಡಬ್ಬಿಯ ತುಂಬ ಮಂಜಿನ ಚೂರುಗಳಿದ್ದವು. ತುಂಬಿದ ಕೊಡದ ಆ ಮನುಷ್ಯ ಓಡಿದ್ದನ್ನು ನಾನು ಕಂಡದ್ದು ಆ ಒಂದೇ ಸಲ. ಮೆಟ್ಟಿಲು ಹತ್ತಿ ನೇರ ಕ್ಯಾಂಟೀನಿಗೆ ನುಗ್ಗಿ, ಪಾತ್ರೆ ತೊಳೆಯುತ್ತಿದ್ದ ಶೇಖವ್ವನ ಕೈಗೆ ಡಬ್ಬಿ ಕೊಟ್ಟರು.

ಅವಳು ಮುಚ್ಚಳ ತೆಗೆದು ನೋಡಿ, "ಯಪ್ಪಾ, ಇದರಾಗ ಮೊಸರಿಲ್ಲ, ಬರ್ಫ ಐತಲ್ರೀ!" ಎಂದು ಬೆರಗಾದಳು.

"ಫ್ರೀಜರ್‌ನ್ಯಾಗ ಇಡವಾ. ಯಾರೂ ಮುಟ್ಟಬಾರದು."

ಕೆಳಗಿಳಿದು ಬಂದವರಿಗೆ ಏದುಸಿರು. ವಾಲ್ವಿನ ಚಕ್ರದ ಮೇಲೆ ಕೈಯಿಟ್ಟು, ಮತ್ತೆ ತೆಗೆದರು. ನಂತರ, "ಬಾ ತಂಗಿ, ನೀನ ತಿರುವು. ನನ್ನ ಕೈಯಿಂದ ಆಗೂದಿಲ್ಲ" ಎಂದರು. ಲಾವಣ್ಯ ತಿರುಗಿಸಿದಳು. ಕೆಳಸಾಲಿನ ಮಂಜು ಅದೇ ಮೊದಲ ಬಾರಿಗೆ ಕರಗಿ, ಅದರ ತಂಪು ಮೇಲೇರಿತು. ಬಸ್ಸುಗಳು ಹೊರಟವು, ಮೇಲಿನ ಅಂತಸ್ತಿನ ದೊಡ್ಡವರು ಕಾಲರು ಸರಿಪಡಿಸಿಕೊಂಡು ಇಳಿದು ಬಂದು ಕೈ ಕುಲುಕಿ ಹೋದರು. ಯಾರಿಗೂ ಸೆಖೆಯಾಗಲಿಲ್ಲವೆಂದು ನಾನು ಸಾಕ್ಷಿ ಹೇಳಿದೆ. ತೊಟ್ಟಿ ಉಳಿಯಿತು.

ಆದರೆ ಆ ಸಂಜೆ ಮುರಿಗೆಪ್ಪನವರು "ಸಾಕಾತು" ಎನ್ನಲಿಲ್ಲ. ಕ್ಯಾಂಟೀನಿಗೆ ಹೋಗಿ ಡಬ್ಬಿ ತಂದು, ಈಗ ಬರೀ ನೀರಾಗಿದ್ದ ತೊಟ್ಟಿಯ ಅಂಚಿನಲ್ಲಿ ಮಂಡಿಯೂರಿ, ಆ ಚೂರುಗಳನ್ನು ಮೆಲ್ಲಗೆ ನೀರಿಗೆ ಜಾರಿಸಿದರು. ನಾವಿಬ್ಬರೂ ನೋಡುತ್ತಿದ್ದೇವೆಂದು ತಿಳಿದಾಗ ನಾಚಿಕೆಯಿಂದ ನಕ್ಕರು. "ಮನ್ಯಾಗಿನ ಹೆಪ್ಪು ತೀರಿದ್ರ ನೆರಿಮನಿಯಿಂದ ತರಂಗಿಲ್ಲೇನ್ರೀ? ಹಂಗ ತಿಳ್ಕೋರಿ."

ಹೊಸ ಮಾಲೀಕರ ಕಾಲದಲ್ಲಿ ಮಂಜನ್ನು ದಿನವೂ ಪೂರ್ತಿ ಕರಗಿಸುವುದೇ ನಿಯಮವಾಯಿತು. ಮುರಿಗೆಪ್ಪನವರು ನಿಯಮಕ್ಕೆ ತಲೆಬಾಗಿದರು. ಹಾಗೆಯೇ ದಿನವೂ ಇಳಿಹೊತ್ತಿನಲ್ಲಿ ಒಂದು ಡಬ್ಬಿ ಮಂಜು ಕ್ಯಾಂಟೀನಿಗೆ ಏರುತ್ತಿತ್ತು, ಸಂಜೆ ತೊಟ್ಟಿಗೆ ಇಳಿಯುತ್ತಿತ್ತು. ಶೇಖವ್ವ ಅದನ್ನು ಐಸ್‌ಕ್ರೀಮಿನ ಪಕ್ಕದಲ್ಲಿ ಕಾಯುತ್ತಿದ್ದಳು. ಲಾವಣ್ಯಳನ್ನು ಮಾಲೀಕರು ಅಲ್ಲಿಯೇ ಉಳಿಸಿಕೊಂಡಿದ್ದರು. ಒಮ್ಮೆ ಅವಳನ್ನು ಕೇಳಿದೆ, ಇದರಿಂದ ಏನಾದರೂ ಪ್ರಯೋಜನ ಉಂಟೇ ಎಂದು.

"ಏನೂ ಇಲ್ಲ ಸಾರ್. ಅಷ್ಟು ನೀರಲ್ಲಿ ಇಷ್ಟು ಐಸ್ ಹಾಕಿದ್ರೆ ಹಾಕಿದ ತಕ್ಷಣ ಕರಗೋಗುತ್ತೆ. ಅವ್ರಿಗೂ ಗೊತ್ತು."

"ಮತ್ತೆ ಹೇಳಬಾರದೇ?"

"ನಮ್ಮಜ್ಜಿ ಚಿಕ್ಕಮುನಿಯಮ್ಮ ಅಂತ. ಆಗೆಲ್ಲ ನೆಲದೊಳ್ಗೆ ಹಗೇವು ತೋಡಿ ರಾಗಿ ತುಂಬ್ತಿದ್ರಲ್ಲ, ಅದನ್ನ ಬಾಚೋವಾಗ ಒಂದು ಹಿಡಿ ಒಳಗೇ ಬಿಟ್ಟು ಬರ್ತಿದ್ರಂತೆ. ಯಾಕಜ್ಜಿ ಅಂದ್ರೆ, 'ಅಂಗೇ ಬರಿದು ಮಾಡ್ಬಾರ್ದು ಕಣಮ್ಮಿ' ಅನ್ನೋರು, ಅಷ್ಟೇ. ಅವ್ರಿಗೆ ಯಾರ್ ಹೋಗಿ ಹೇಳ್ತಾರೆ ಸಾರ್?"

ಎರಡು ಮೂರು ವರ್ಷ ಕಳೆದ ಮೇಲೆ ಮುರಿಗೆಪ್ಪನವರು ನಿವೃತ್ತರಾದರು. ಪೀಣ್ಯದ ಹತ್ತಿರ ಹಿಂದೆಯೇ ಕಟ್ಟಿಕೊಂಡಿದ್ದ ಮನೆಯಿಂದ ಇಷ್ಟು ವರ್ಷ ಊರಿನ ಆ ತುದಿಯಿಂದ ಈ ತುದಿಗೆ ಬಸ್ಸು ಬದಲಿಸಿ ಓಡಾಡಿ ಅವರ ಮಂಡಿಗಳು ಸೋತಿದ್ದವು. ಬೀಳ್ಕೊಡುಗೆಯ ದಿನ ಹಾರ, ಶಾಲು, ಭಾಷಣ ಎಲ್ಲ ಆಯಿತು. ಮಾತಾಡಿರೆಂದಾಗ ಎದ್ದು ನಿಂತು, ಕೋಟಿನ ಗುಂಡಿ ಮುಟ್ಟಿ ನೋಡಿಕೊಂಡು, "ಎಲ್ಲಾರೂ ಥಣ್ಣಗ ಇರ್ರಿ" ಎಂದು ಕೂತುಬಿಟ್ಟರು. ಇಷ್ಟು ವರ್ಷದ ದುಡಿಮೆ ಸಾಕೆನಿಸಿತೇ ಎಂದು ಯಾರೋ ಕೇಳಿದ್ದಕ್ಕೆ ಅದೇ ಹಳೆಯ ಮಾತು: "ಸಂಜೀಕ ನೋಡೂಣ್ರಿ." ಸಭೆ ನಕ್ಕಿತು. ನಾನೂ ನಕ್ಕೆ. ಅವರು ಹೋದ ಮೇಲೆ ಫ್ರೀಜರಿನಲ್ಲಿ ಡಬ್ಬಿ ಹಾಗೆಯೇ ಉಳಿದಿತ್ತು.

ಮರುವರ್ಷದ ಬೇಸಿಗೆಯಲ್ಲಿ ನನಗೆ ಪೀಣ್ಯದ ಕಡೆ ಕೆಲಸವಿತ್ತು. ಸುದ್ದಿ ತಿಳಿದ ಲಾವಣ್ಯ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ತಂದುಕೊಟ್ಟಳು. ಮುಟ್ಟಿದರೆ ಕೊರೆಯುತ್ತಿತ್ತು.

"ಇದು ಮುರಿಗೆಪ್ಪ ಸಾರ್ ಮನೆ ಡಬ್ಬಿ ಸಾರ್. ಅಮ್ಮಾವ್ರಿಗೆ ವಾಪಸ್ ಕೊಡ್ಬೇಕು. ಖಾಲಿ ಕೊಡ್ಬಾರ್ದಲ್ವಾ, ಅದಕ್ಕೇ ನಮ್ಮ ಟ್ಯಾಂಕ್‌ದೇ ಒಂಚೂರು ಹಾಕಿದೀನಿ."

"ಹಾಗಾದರೆ ನಿಮ್ಮ ತೊಟ್ಟಿಗೆ?" ಎಂದೆ, ಚುಡಾಯಿಸಲು.

ಅವಳು ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿದಳು. "ನಾನು ಬೇರೆ ಡಬ್ಬಿ ತಂದಿಟ್ಕೊಂಡಿದೀನಿ ಸಾರ್. ಯಾರಿಗೂ ಹೇಳ್ಬೇಡಿ."

ಎಲೆಕ್ಟ್ರಾನಿಕ್ ಸಿಟಿಯಿಂದ ಪೀಣ್ಯಕ್ಕೆ ಮಂಜುಗಡ್ಡೆ ಒಯ್ಯುವುದೆಂದರೆ ಏನೆಂದು ಬೆಂಗಳೂರಿನ ರಸ್ತೆ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಿಲ್ಕ್ ಬೋರ್ಡಿನಲ್ಲಿ ಬಸ್ಸು ನಿಂತಾಗಲೇ ಬಟ್ಟೆ ಒದ್ದೆಯಾಗತೊಡಗಿತ್ತು. ಪಕ್ಕದಲ್ಲಿ ಕೂತ ಹೆಂಗಸು ನನ್ನ ಮಡಿಲನ್ನೂ ಮುಖವನ್ನೂ ಸಂಶಯದಿಂದ ನೋಡಿ ಸರಿದು ಕೂತರು. ಮಲ್ಲೇಶ್ವರದ ಬಳಿ ಹೊಸ ಮೆಟ್ರೋ ಹತ್ತಿದಾಗ ಅದರ ತಂಪಿನಲ್ಲಿ ಸ್ವಲ್ಪವಾದರೂ ಉಳಿದೀತೆಂದು ಆಸೆಪಟ್ಟೆ. ಪೀಣ್ಯದಲ್ಲಿ ಇಳಿದು ಡಬ್ಬಿ ಅಲ್ಲಾಡಿಸಿದರೆ ಬರೀ ನೀರಿನ ಸದ್ದು. ಇಂಥ ಕೆಲಸ ಒಪ್ಪಿಕೊಂಡದ್ದಕ್ಕೆ ನನ್ನನ್ನು ನಾನೇ ಬೈದುಕೊಂಡೆ.

ಮುರಿಗೆಪ್ಪನವರು ಜಗಲಿಯಲ್ಲಿ ಕೂತಿದ್ದರು. ಕೋಟು ಕುರ್ಚಿಯ ಬೆನ್ನಿಗಿತ್ತು; ಬರೀ ಬನಿಯನ್ನಿನಲ್ಲಿ ಅವರು ಯಾರೋ ಬೇರೆಯವರ ಹಾಗೆ, ತೀರ ಸಣ್ಣಗೆ ಕಂಡರು. ನಾನು ಡಬ್ಬಿ ಕೊಟ್ಟು, ದಾರಿಯಲ್ಲಿ ಎಲ್ಲ ಕರಗಿಹೋಯಿತೆಂದು ತಪ್ಪಿತಸ್ಥನಂತೆ ಹೇಳಿ, ಲಾವಣ್ಯ ಹೇಳಿದ್ದನ್ನೂ ಹೇಳಿದೆ. ಯಾರಿಗೂ ಹೇಳಬೇಡಿ ಎಂದದ್ದು ಇವರಿಗೆ ಅನ್ವಯಿಸುವುದಿಲ್ಲವೆಂದು ನಾನೇ ತೀರ್ಮಾನಿಸಿದ್ದೆ.

"ಬ್ಯಾರೆ ಡಬ್ಬಿ ತಂದಿಟ್ಟಾಳ?" ಎಂದು ಕೇಳಿದರು. "ದಿನಾ ಹಾಕ್ತಾಳ?" ಎಂದು ಮತ್ತೆ ಕೇಳಿದರು. ನಾನು ಹೌದೆಂದೆ. ಅವರು ಡಬ್ಬಿಯನ್ನು ತಿರುಗಿಸಿ ಅದರ ಹೊರಮೈಗೆ ಹಿಂಗೈ ತಾಗಿಸಿದರು. ಅಳೆಯಲು ಅಲ್ಲಿ ಯಾವ ಮಾಪಕವೂ ಇರಲಿಲ್ಲ. ಕಣ್ಣು ತುಂಬಿದ್ದನ್ನು ಅವರು ಮುಚ್ಚಿಡಲಿಲ್ಲ, ನಾನೂ ಬೇರೆ ಕಡೆ ನೋಡಲಿಲ್ಲ.

ಭುವನೇಶ್ವರಿಯಮ್ಮನವರು ಚಹಾ ತಂದರು. ಗಂಡನ ಕೈಯಿಂದ ಡಬ್ಬಿ ತೆಗೆದುಕೊಂಡು, "ಇದನ್ನೇನ್ ಮಾಡ್ಲಿ? ಚೆಲ್ಲಲೇನು?" ಎಂದು ಕೇಳಿದರು.

"ಚೆಲ್ಲಬ್ಯಾಡ. ಫ್ರಿಜ್‌ನ್ಯಾಗ ಇಡು, ಗಟ್ಟಿ ಆಗ್ತೈತಿ."

"ಗಟ್ಟಿ ಆದ ಮ್ಯಾಲೆ ಏನ್ ಮಾಡೂದು?"

"ಸಂಜೀಕ ನೋಡೂಣು."

"ಸಂಜಿ ಆತಲ್ರೀ," ಎಂದು ಆಕೆ ನಕ್ಕರು. "ಜಲ್ಮ ಪೂರ್ತಿ ಸಂಜೀಕ ನೋಡೂಣು ಅಂದ್ರಿ. ಈಗರೆ ಹೇಳ್ರಿ."

ನಿಜ, ಸಂಜೆಯಾಗಿತ್ತು. ಎದುರಿನ ಕಾರ್ಖಾನೆಗಳ ಪಾಳಿ ಬಿಟ್ಟು ಜನ ಬೀದಿ ತುಂಬ ಹರಿಯುತ್ತಿದ್ದರು. ಮುರಿಗೆಪ್ಪನವರು ಅತ್ತ ನೋಡಿದರು, ಹೆಂಡತಿಯ ಕೈಯಲ್ಲಿದ್ದ ಡಬ್ಬಿ ನೋಡಿದರು.

"ಸಾಕಾತು," ಎಂದರು.

ಲೋಕದಲ್ಲಿ ಇಂಥವರದೊಂದು ಜಾತಿಯಿದೆ. ಅವರ ಕೆಲಸ ಸರಿಯಾಗಿ ನಡೆದ ದಿನ ಯಾರಿಗೂ ಏನೂ ಅನಿಸುವುದಿಲ್ಲ. ತಪ್ಪಿದ ದಿನವಷ್ಟೇ ಅವರ ನೆನಪಾಗುತ್ತದೆ. ನಾವು ಮಲಗಿರುವಾಗ ನಾಳೆಯ ನಮ್ಮ ಬಿಸಿಲಿಗಾಗಿ ಏನನ್ನೋ ಕೂಡಿಡುತ್ತಾರೆ, ಮರುದಿನ ಅದೆಲ್ಲ ನಮಗಾಗಿ ಕರಗುವುದನ್ನು ನೋಡುತ್ತಾರೆ, ಮತ್ತೆ ಕೂಡಿಡುತ್ತಾರೆ. ಅವರ ನಂಬಿಕೆಗಳೆಲ್ಲ ಲೆಕ್ಕಕ್ಕೆ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಅವರು ಹೋದ ಮೇಲೆ ಆ ನಂಬಿಕೆಯನ್ನು ನಂಬದ ಒಂದು ಕೈ ಬೇರೊಂದು ಡಬ್ಬಿ ತಂದಿಟ್ಟುಕೊಂಡರೆ, ಅಂಥವರ ಬಾಳಿಗೆ ಅದಕ್ಕಿಂತ ಹೆಚ್ಚೇನೂ ಬೇಕಾಗಿರುವುದಿಲ್ಲ.